ಹಾಡಿದ ಟ್ರಾನ್ಸ್‌ಫಾರ್ಮರ್

ಭೂಮಿಯ ಕಾಂತಶಕ್ತಿ ಸೊರಗುತ್ತಿದೆ ಎಂಬ ಸುದ್ದಿ ಮೊದಲು ಬಂದಾಗ ಕಲಬುರಗಿ ಸೀಮೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದೆಲ್ಲ ಉತ್ತರ ಧ್ರುವದವರ ತಾಪತ್ರಯ, ನಮಗೇನು ಎಂದು ತಮ್ಮ ತೊಗರಿ ಹೊಲದ ಚಿಂತೆ ಮಾಡುತ್ತ ಕೂತರು. ಆಮೇಲೆ ಒಂದು ಯುಗಾದಿಯ ಮರುದಿನ, ಮಟಮಟ ಮಧ್ಯಾಹ್ನ, ಮೂರು ಜಿಲ್ಲೆಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳು ಒಟ್ಟಿಗೇ ಸುಟ್ಟುಹೋದವು. ಹೊಸವು ಬರಲು ಒಂದೂವರೆ ವರ್ಷ ಹಿಡಿಯಿತು. ಅವೇನು ಸಂತೆಯಲ್ಲಿ ಸಿಗುವ ಸಾಮಾನೇ? ಅಷ್ಟರಲ್ಲಿ ಜನ ಅಟ್ಟದ ಮೇಲಿನ ಬೀಸುಕಲ್ಲು ಇಳಿಸಿದರು, ಹಾಳುಬಾವಿಗಳ ಹೂಳು ತೆಗೆದರು, ಜೊತೆಗೆ ಕಾಂತಕ್ಷೇತ್ರ ಎಂದರೇನು ಎಂಬುದನ್ನೂ ಕಲಿತರು.

ಕಲಿತದ್ದು ಇಷ್ಟು. ಹಗಲು ಹೊತ್ತಿನಲ್ಲಿ, ನೂರು ಕಿಲೋಮೀಟರ್ ಎತ್ತರದ ಆಕಾಶದಲ್ಲಿ, ವಿದ್ಯುತ್ತಿನ ಹೊಳೆಯೊಂದು ಪೂರ್ವಕ್ಕೆ ಹರಿಯುತ್ತದೆ. ಮೊದಲು ಅದು ಕನ್ಯಾಕುಮಾರಿಯ ಕಡೆ ಹರಿಯುತ್ತಿತ್ತು. ಕಾಂತಕ್ಷೇತ್ರ ಸೊರಗಿ ಜರುಗಿದ ಮೇಲೆ ಕಲಬುರಗಿಯ ನೆತ್ತಿಗೇ ಬಂದು ನಿಂತಿತು. ಸೂರ್ಯನಿಂದ ಕಣಗಳ ಬಿರುಗಾಳಿ ಬೀಸಿದಾಗ ಆ ಹೊಳೆ ಉಕ್ಕುತ್ತದೆ. ಉಕ್ಕಿದರೆ ಕೆಳಗಿನ ನೆಲದಲ್ಲೂ ಕರೆಂಟು ಹುಟ್ಟುತ್ತದೆ. ಈ ಸೀಮೆಯ ಸುಣ್ಣಕಲ್ಲು ಅದನ್ನು ಸರಾಗವಾಗಿ ಹರಿಯಗೊಡದು. ದಾರಿ ಸಿಗದ ಆ ಕರೆಂಟು ಟ್ರಾನ್ಸ್‌ಫಾರ್ಮರುಗಳ ಅರ್ಥಿಂಗ್ ತಂತಿ ಹಿಡಿದು ಮೇಲೇರುತ್ತದೆ, ಒಳಗಿನ ಎಣ್ಣೆಯನ್ನು ಕುದಿಸುತ್ತದೆ. ಉಳಿಯುವ ಉಪಾಯ ಒಂದೇ: ಹೊಳೆ ಉಕ್ಕುವ ಮೊದಲೇ ಲೈನು ಕಡಿದು, ಬಿರುಗಾಳಿ ಹೋಗುವವರೆಗೆ ಕರೆಂಟಿಲ್ಲದೆ ಕೂರುವುದು.

ಹಾಗೆ ಕೂರುವುದಕ್ಕೆ ಜನ ‘ಕರೆಂಟಿನ ಸೂಟಿ’ ಎಂದರು. ನಾಲ್ಕೈದು ವರ್ಷಗಳಲ್ಲಿ ಅದು ಅಮಾವಾಸ್ಯೆಯಷ್ಟೇ ಸಹಜವಾಯಿತು. ಲಗ್ನಪತ್ರಿಕೆಗಳಲ್ಲಿ ‘ಸೂಟಿ ಬಿದ್ದರೆ ಅಕ್ಷತೆ ಬಯಲಲ್ಲಿ’ ಎಂದು ಅಚ್ಚಾಗತೊಡಗಿತು. ನಗರದ ಎತ್ತರದ ಕಟ್ಟಡಗಳಲ್ಲಿ ಮೇಲಿನ ಮನೆಗಳನ್ನು ಕೇಳುವವರಿಲ್ಲ, ನೆಲದ ಮನೆಗಳಿಗೆ ನೂಕುನುಗ್ಗಲು. ಸೂಟಿ ಬರುವುದಿದ್ದರೆ ಮೊದಲು ಹಳದಿ ಸೂಚನೆ, ಆಮೇಲೆ ಕೆಂಪು, ಇಲ್ಲದಿದ್ದರೆ ಹಸಿರು. ಒಮ್ಮೆ ಯಾರೋ ಹಬ್ಬಿಸಿದ ಸುಳ್ಳು ಸುದ್ದಿಗೆ ಆಸ್ಪತ್ರೆಯೊಂದರಲ್ಲಿ ಕಾಲ್ತುಳಿತವಾಗಿ ಜನ ಸತ್ತರು. ಅಂದಿನಿಂದ ಕೆಂಪು ಹೊರಡುವ ಮೊದಲು ಬಾಯಿ ಬಿಟ್ಟವರಿಗೆ ಜೈಲು ಎಂಬ ಕಾನೂನೂ ಬಂತು.

ಈ ಸೀಮೆಯ ಮಟ್ಟಿಗೆ ಕೆಂಪು ಹೊರಡುತ್ತಿದ್ದದ್ದು ಸೇಡಂ ದಾರಿಯ ಹಾಸಗಲ್ಲ ಎಂಬ ಊರಿನ ಕಾಂತ ವೀಕ್ಷಣಾಲಯದಿಂದ. ಮಹಾನಂದಾ ಅಲ್ಲಿಯ ಮುನ್ಸೂಚನಾಧಿಕಾರಿ. ಅಳೆಯುವ ಯಂತ್ರವಿದ್ದ ಕೋಣೆ ಶಹಾಬಾದಿ ಕಲ್ಲಿನದು, ಬಾಗಿಲು ಸಾಗವಾನಿ, ಮೊಳೆಗಳು ತಾಮ್ರದವು. ಕಬ್ಬಿಣದ ಒಂದು ಚೂರೂ ಆ ಕಡೆ ಸುಳಿಯುವಂತಿರಲಿಲ್ಲ. ಕೆಲಸಕ್ಕೆ ಬರುವವರು ಬೀಗದ ಕೈ, ಬೆಲ್ಟು, ಕೂದಲಿನ ಪಿನ್ನು ಎಲ್ಲವನ್ನೂ ಗೇಟಿನಲ್ಲೇ ಬಿಟ್ಟು ಬರಬೇಕು. ಪಿನ್ನಿಲ್ಲದೆ ದಿನವಿಡೀ ಸೀರೆ ನಿಲ್ಲಿಸುವ ವಿದ್ಯೆಯಲ್ಲಿ ಮಹಾನಂದಾ ಪಂಡಿತೆಯಾಗಿದ್ದಳು.

ಯಂತ್ರ ಅಳೆದದ್ದನ್ನು ಓದಿ ಮುನ್ಸೂಚನೆ ಹೇಳುವುದು ಒಂದು ಗಣಕ. ಅದಕ್ಕೆ ಉದ್ದನೆಯ ಸರ್ಕಾರಿ ಹೆಸರಿತ್ತು, ಸಿಬ್ಬಂದಿ ಮಾತ್ರ ‘ಪಂಚಾಂಗ’ ಎನ್ನುತ್ತಿದ್ದರು. ಮೊದಲು ಸೂರ್ಯನತ್ತ ಕಣ್ಣಿಟ್ಟಿದ್ದ ಕಾವಲು ಉಪಗ್ರಹ ಸುಟ್ಟುಹೋಗಿತ್ತು. ಹೊಸದು ಇಂದು ಹಾರುತ್ತದೆ ನಾಳೆ ಹಾರುತ್ತದೆ ಎನ್ನುತ್ತಲೇ ಇದ್ದರು. ಹಾಗಾಗಿ ದಕ್ಷಿಣದ ಎಲ್ಲ ವೀಕ್ಷಣಾಲಯಗಳ ದಾಖಲೆ ತಿಂದು ಬೆಳೆದ ಪಂಚಾಂಗವೇ ದಿಕ್ಕು. ಹೊಳೆ ಉಕ್ಕುವ ಅರ್ಧ ಗಂಟೆ ಮೊದಲು ನೆಲದ ಕಾಂತಕ್ಷೇತ್ರ ಸಣ್ಣಗೆ ನಡುಗುತ್ತದೆ. ಆ ನಡುಕವನ್ನು ಅದು ಬೆಣ್ಣೆಯಿಂದ ಕೂದಲು ತೆಗೆದಂತೆ ಹೆಕ್ಕಿ ತೋರಿಸುತ್ತಿತ್ತು. ಒಮ್ಮೆಯೂ ತಪ್ಪಿರಲಿಲ್ಲ.

ಆದರೆ ವರ್ಷಕ್ಕೊಂದು ದಿನ ಹಾಸಗಲ್ಲದಲ್ಲಿ ಕಬ್ಬಿಣದ ನಿಯಮ ಮುರಿಯುತ್ತಿತ್ತು. ವೀಕ್ಷಣಾಲಯದ ಗೋಡೆಗೆ ಹತ್ತಿದಂತೆ ಒಂದು ಬೇವಿನಮರ, ಅದರ ಸುತ್ತ ಕಟ್ಟೆ. ಕಟ್ಟೆ ಊರಿನದು, ವೀಕ್ಷಣಾಲಯಕ್ಕಿಂತ ಹಳೆಯದು. ದಸರೆಯ ನವಮಿಯಂದು ಖಂಡೆಪೂಜೆ, ಅಂದರೆ ಆಯುಧಗಳ ಪೂಜೆ, ಅಲ್ಲಿಯೇ ಆಗಬೇಕು. ಊರಿನ ಟ್ರ್ಯಾಕ್ಟರುಗಳು, ಗಣಿಯ ಡ್ರಿಲ್ಲುಗಳು, ಹಾರೆ, ಕಳೆ ತೆಗೆಯುವ ಕುರ್ಚಿಗೆ, ಕೊಡಲಿ ಎಲ್ಲ ಕಟ್ಟೆಯ ಸುತ್ತ ಸೇರುತ್ತಿದ್ದವು. ಸಾಲದ್ದಕ್ಕೆ ವೀಕ್ಷಣಾಲಯದ ಜೀಪೂ ಹಣೆಗೆ ಕುಂಕುಮ ಹಚ್ಚಿಸಿಕೊಳ್ಳಲು ಹೋಗುತ್ತಿತ್ತು. ಕೋಣೆಯೊಳಗಿನ ಯಂತ್ರ ಹುಚ್ಚೆದ್ದು ಕುಣಿಯುತ್ತಿತ್ತು. ಸಿಬ್ಬಂದಿ ಆ ಗೆರೆಗಳ ಮೇಲೆ ‘ಪೂಜೆ, ಲೆಕ್ಕಕ್ಕಿಲ್ಲ’ ಎಂದು ಗುರುತು ಹಾಕಿ ಹೋಳಿಗೆ ಉಣ್ಣಲು ಹೋಗುತ್ತಿದ್ದರು. ದಕ್ಷಿಣದ ಉಳಿದ ವೀಕ್ಷಣಾಲಯಗಳಲ್ಲೂ ಅದೇ ದಿನ, ಅದೇ ಪೂಜೆ, ಅದೇ ಗುರುತು.

ಪಂಚಾಂಗ ಜಾಣ ವಿದ್ಯಾರ್ಥಿ. ಕೆಲವು ವರ್ಷಗಳಾದ ಮೇಲೆ ಯಾರೂ ಹೇಳದೆಯೇ ತಾನೇ ಗುರುತು ಹಾಕತೊಡಗಿತು. ಭಲೇ ಎಂದು ಎಲ್ಲರೂ ಬೆನ್ನು ತಟ್ಟಿದರು.

ಆ ವರ್ಷದ ನವಮಿಯ ಬೆಳಿಗ್ಗೆ ಮಹಾನಂದಾಳ ಮನೆಯಲ್ಲಿ ಸಣ್ಣ ಜಗಳ ನಡೆದಿತ್ತು. ಗಂಡ ಅಣವೀರ ಪಕ್ಕದ ದೊಡ್ಡ ವಿದ್ಯುತ್ ಸ್ಟೇಷನ್ನಿನ ಎಂಜಿನಿಯರು. ಎಂಟನೆಯ ಇಯತ್ತೆಯ ಮಗಳು ನಾಗವೇಣಿಗೆ ಅಪ್ಪನ ಜೊತೆ ಅಲ್ಲಿಯ ಪೂಜೆಗೆ ಹೋಗುವ ಹಟ.

“ನನ್ನ ಸಂಗಾಟ ಬಾ ಅಂದ್ರ ಒಲ್ಲಿ,” ಎಂದಳು ಮಹಾನಂದಾ.

“ನಿನ್ನ ಆಫೀಸಿಗೆ ಬಂದ್ರ ಕೂದಲಾಗಿನ ಪಿನ್ ಸೈತ ಕಸ್ಕೊಂತಾರ,” ಎಂದಳು ವೇಣಿ. “ಅಪ್ಪನ ಕಡೆ ಟ್ರಾನ್ಸ್‌ಫಾರ್ಮರಿಗೆ ಬಾಳಿಗಿಡ ಕಟ್ಟಿ, ಸೀರಿ ಉಡಸ್ತಾರ. ಹಲಗಿ ಬಾರಸ್ತಾರ.”

ಅಣವೀರ ನಕ್ಕ. “ಬರಲಿ ಬಿಡು. ಇವತ್ತ ಹೆಂಗೂ ಹಸಿರು ಅದ. ನಿನ್ನ ಪಂಚಾಂಗನೇ ಹೇಳ್ಯದಲ್ಲ.”

ಹೌದು, ಹಾಗೆಯೇ ಹೇಳಿತ್ತು.

ಮಧ್ಯಾಹ್ನದ ಹೊತ್ತಿಗೆ ನಿಯಂತ್ರಣ ಕೋಣೆಯಲ್ಲಿ ಮಹಾನಂದಾ ಒಬ್ಬಳೇ. ಉಳಿದವರೆಲ್ಲ ಕಟ್ಟೆಯ ಹತ್ತಿರ. ಕಿಟಕಿಯಿಂದ ಬೇವಿನಮರ ಕಾಣುತ್ತಿತ್ತು, ಎದುರಿನ ಪರದೆಯಲ್ಲಿ ಯಂತ್ರದ ಗೆರೆ. ಟ್ರ್ಯಾಕ್ಟರೊಂದು ಹಿಂದಕ್ಕೆ ಸರಿದರೆ ಗೆರೆ ಜಿಗಿಯುತ್ತಿತ್ತು, ಯಾರೋ ಹಾರೆ ಎತ್ತಿ ಒರಗಿಸಿದರೆ ಸಣ್ಣಗೆ ಹೊರಳುತ್ತಿತ್ತು. ಪರದೆಯ ಮೂಲೆಯಲ್ಲಿ ಪಂಚಾಂಗ ಒಂದೇ ಸವನೆ ಹಸಿರು ತೋರಿಸುತ್ತ ‘ಪೂಜೆ, ಲೆಕ್ಕಕ್ಕಿಲ್ಲ’ ಎನ್ನುತ್ತಿತ್ತು. ಅವಳಿಗೆ ತೂಕಡಿಕೆ ಬರುವಂತಾಗಿತ್ತು.

ಹೊರಗೆ ಗಂಟೆ ಬಾರಿಸಿತು. ಮಂಗಳಾರತಿ. ವೀಕ್ಷಣಾಲಯದ ಮುಖ್ಯಸ್ಥರು ಡಾಕ್ಟರ್ ಸಂಗಯ್ಯ ಹಿರೇಮಠ. ಊರಿನವರ ಪಾಲಿಗೆ ಅವರು ವಿಜ್ಞಾನಿಗಿಂತ ಹೆಚ್ಚಾಗಿ ಅಯ್ಯನವರು, ಹಾಗಾಗಿ ಆರತಿ ಅವರದೇ. ಅವರು ತಟ್ಟೆ ಎತ್ತಿದರು. ಎಲ್ಲರೂ ಎಂಜಿನ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತರು. ಇಡೀ ಕಟ್ಟೆಯಲ್ಲಿ ಅಲುಗುತ್ತಿದ್ದದ್ದು ಹಿತ್ತಾಳೆಯ ಆರತಿ, ಕಂಚಿನ ಗಂಟೆ, ಎರಡೇ.

ಮಹಾನಂದಾಳೂ ಕೂತಲ್ಲೇ ಕೈ ಮುಗಿದಳು. ಮುಗಿದ ಕೈಗಳ ಮೇಲಿಂದ ಕಣ್ಣು ಪರದೆಗೆ ಹೋಯಿತು.

ಗೆರೆ ನಿಂತಿರಲಿಲ್ಲ.

ಅವಳು ಕಿಟಕಿಯತ್ತ ನೋಡಿದಳು. ಒಬ್ಬನೂ ಅಲುಗುತ್ತಿಲ್ಲ. ನಿಂತ ಕಬ್ಬಿಣ ಗೆರೆಯನ್ನು ಪಕ್ಕಕ್ಕೆ ಸರಿಸಬಹುದು, ಹೀಗೆ ನಡುಗಿಸಲಾರದು. ಹಿತ್ತಾಳೆ, ಕಂಚಿಗೆ ಕಾಂತದ ಗೊಡವೆಯೇ ಇಲ್ಲ. ಮತ್ತೆ ಪರದೆ ನೋಡಿದಳು. ಸಣ್ಣಗೆ, ಬಿಡದೆ, ಚಳಿಜ್ವರ ಬಂದವರ ಹಾಗೆ ಗೆರೆ ನಡುಗುತ್ತಿತ್ತು. ಅಯ್ಯೋ ನನ್ನ ಶಿವನೇ ಎಂದುಕೊಂಡಳು. ಎಷ್ಟು ಹೊತ್ತಿನಿಂದ ನಡುಗುತ್ತಿದೆಯೋ ಇದು? ಟ್ರ್ಯಾಕ್ಟರುಗಳ ಗದ್ದಲದಲ್ಲಿ ಯಾರಿಗೆ ಗೊತ್ತಾಗಬೇಕು? ಪಂಚಾಂಗ ಈಗಲೂ ಹಸಿರನ್ನೇ ತೋರಿಸುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನವಮಿಯ ದಿನ ಅದಕ್ಕೆ ಕಂಡದ್ದೆಲ್ಲ ಪೂಜೆ.

ಸ್ಟೇಷನ್ನಿಗೆ ನೇರ ಫೋನಿತ್ತು. ಎತ್ತಿದಳು. ಬಹಳ ಹೊತ್ತು ಬಾರಿಸಿದ ಮೇಲೆ ಆ ಕಡೆಯಿಂದ ಬಂದದ್ದು ವೇಣಿಯ ದನಿ.

“ನೀ ಯಾಕ ಎತ್ತಿದಿ? ಅಪ್ಪ ಎಲ್ಲಿ?”

“ಎಲ್ಲಾರೂ ಹೊರಗ ಟ್ರಾನ್ಸ್‌ಫಾರ್ಮರ್ ಕಡಿ ಹೋಗ್ಯಾರ. ಅಪ್ಪ ಕುಂಬಳಕಾಯಿ ಒಡಿಲತ್ತಾನ. ಅವ್ವಾ, ಒಂದು ಮಜಾ ಕೇಳು. ಟ್ರಾನ್ಸ್‌ಫಾರ್ಮರ್ ಹಾಡ್ಲತ್ತದ!”

“ಏನಂದಿ?”

“ಹೂಂ ಅಂತ ಜೋರಾಗಿ ಹಾಡ್ಲತ್ತದ. ದೇವಿ ಮೈದುಂಬ್ಯಾಳ ಅಂತ ನಮ್ಮ ಓಣಿ ಚಂದಮ್ಮಾಯಿ ಹೇಳಿದ್ಳು. ಎಲ್ಲಾರೂ ಅದರ ಕಾಲ್ಕಡಿಗಿ ಕುಂತು ಪದ ಹಾಡ್ಲತ್ತಾರ. ಹಲಗಿನೂ ಬಾರಸ್ಲತ್ತಾರ. ಕೇಳಸ್ತದೇನು?”

ಕೇಳಿಸಿತು. ಹಲಗೆಯ ಸದ್ದು, ಹೆಂಗಸರ ಹಾಡು, ಅದರ ಕೆಳಗೆ ಒಂದು ದಪ್ಪ ಗುಂಯ್‌ಗುಡುವಿಕೆ. ನೆಲದ ಕರೆಂಟು ಮೇಲೇರಿದಾಗ ಟ್ರಾನ್ಸ್‌ಫಾರ್ಮರಿನ ಹೊಟ್ಟೆಯಿಂದ ಬರುವ ಸದ್ದು ಅದು. ಅರ್ಧ ಗಂಟೆಯಲ್ಲಿ ಬಹುಭಾಗ ಮುಗಿದುಹೋಗಿತ್ತು.

“ವೇಣಿ, ಈಗಿಂದೀಗ ಗೇಟಿನ ಹೊರಗ ಹೋಗು. ಓಡು.”

ಕಾಂತ ವೀಕ್ಷಣಾಲಯದವಳ ಮಗಳು, ಕಾನೂನು ಅವಳಿಗೂ ಗೊತ್ತಿತ್ತು.

“ಕೆಂಪು ಬಂದದೇನವ್ವಾ?”

“ಇನ್ನಾ ಇಲ್ಲ.”

“ಮತ್ತ ನಾ ಒಬ್ಬಾಕಿನೇ ಹೋಗ್ಲೋ, ಎಲ್ಲಾರಿಗೂ ಹೇಳ್ಲೋ?”

ಫೋನು ಎತ್ತುವಾಗ ಮಹಾನಂದಾಳ ತಲೆಯಲ್ಲಿದ್ದದ್ದು ಮಗಳು, ಗಂಡ, ಇಬ್ಬರೇ. ನಾಚಿಕೆಯಾಯಿತು. ನಾಚಿಕೊಳ್ಳುತ್ತ ಕೂರಲು ಹೊತ್ತಿರಲಿಲ್ಲ.

“ಎಲ್ಲಾರಿಗೂ ಹೇಳು,” ಎಂದಳು. “ಮೊದಲ ಅಪ್ಪಗ ಕರಿ. ಫೋನ್ ಇಡಬ್ಯಾಡ, ಹಂಗೇ ಟೇಬಲ್ ಮ್ಯಾಲ ಬಿಡು.”

ತಾನೂ ಹಾಗೆಯೇ ಬಿಟ್ಟು ಕಟ್ಟೆಗೆ ಓಡಿದಳು. ಕೆಂಪು ಕಳಿಸಲು ಇಬ್ಬರ ಹೆಬ್ಬೆರಳು ಬೇಕಿತ್ತು, ಅಧಿಕಾರಿಯದು ಮತ್ತು ಮುಖ್ಯಸ್ಥರದು. ಪಂಚಾಂಗ ಹಸಿರು ಅನ್ನುವಾಗ ಮನುಷ್ಯರು ಕೆಂಪು ಅಂದದ್ದು ಅಲ್ಲಿಯವರೆಗೆ ಇರಲೇ ಇಲ್ಲ.

“ಸರ್, ಬರ್ರಿ. ಬಿರುಗಾಳಿ ಬರ್ಲತ್ತದ.”

ಹಿರೇಮಠರು ತಟ್ಟೆ ಇಳಿಸಲಿಲ್ಲ. “ಆರತಿ ಅರ್ಧಕ್ಕ ಬಿಡಬಾರದ್ರಿ. ಪಂಚಾಂಗ ಏನಂತದ?”

“ಅದು ಪೂಜಾ ಅಂತದ್ರಿ. ನೀವು ಎಲ್ಲಾರೂ ಕಲ್ಲಾಗಿ ನಿಂತಾಗನೂ ಗೆರಿ ನಡಗ್ಲತ್ತದ. ನಿಂತವ್ರು ಹೆಂಗ ನಡಗಸ್ತಾರ್ರಿ ಸರ್?”

ಮೂವತ್ತು ವರ್ಷ ಗೆರೆ ನೋಡಿದ ಮನುಷ್ಯ. ಎರಡನೆಯ ಸಲ ಕೇಳಲಿಲ್ಲ. ತಟ್ಟೆಯನ್ನು ಪಕ್ಕದವನ ಕೈಗೆ ತುರುಕಿ, ಮಡಿಪಂಚೆ ಎತ್ತಿಕಟ್ಟಿ ಓಡಿದರು. ಹಿಂದೆ ಜನ ಗುಸುಗುಸು ಶುರುಮಾಡಿದರು.

ಮಹಾನಂದಾಳ ಹೆಬ್ಬೆರಳಿಗೆ ಬೆರಳಚ್ಚಿನ ಯಂತ್ರ ಒಪ್ಪಿತು. ಹಿರೇಮಠರದಕ್ಕೆ ಒಪ್ಪಲಿಲ್ಲ. ಬೆಳಗಿನಿಂದ ಊರಿನ ಕೊಡಲಿ, ಕುರ್ಚಿಗೆಗಳಿಗೆಲ್ಲ ಎಣ್ಣೆ ಕುಂಕುಮ ಹಚ್ಚಿದ ಬೆರಳದು, ಗೆರೆಗಳೆಲ್ಲ ಮುಚ್ಚಿಹೋಗಿದ್ದವು. ಪಂಚೆಗೆ ಒರೆಸಿ ಒತ್ತಿದರು. ಒಪ್ಪಲಿಲ್ಲ. ಉಗುಳು ಹಚ್ಚಿ ತಿಕ್ಕಿದರು. ಒಪ್ಪಲಿಲ್ಲ. “ಎಡಗೈದು ಕೊಟ್ಟಿಲ್ಲೇನ್ರಿ?” ಎಂದಳು ಮಹಾನಂದಾ. “ಸರ್ಕಾರಕ್ಕ ಎಡಗೈ ಯಾರು ಕೊಡ್ತಾರ?” ಎಂದು ಅವರು ಚೀರಿದರು. ಅವಳು ನೀರಿನ ಹೂಜಿ ತಂದು ಅವರ ಕೈ ಮೇಲೆ ಸುರಿದು ತನ್ನ ಸೆರಗಿನಿಂದ ತಿಕ್ಕತೊಡಗಿದಳು.

ಟೇಬಲ್ ಮೇಲಿನ ಫೋನಿನಿಂದ ದನಿಗಳು ಬರುತ್ತಿದ್ದವು. ಅಣವೀರ ಏದುಸಿರು ಬಿಡುತ್ತಿದ್ದ.

“ಮಹಾನಂದಾ, ಮೀಟರ್ ಮುಳ್ಳು ಹುಚ್ಚು ಹಿಡಿದಂಗ ಮಾಡ್ಲತ್ತದ. ಸದ್ದ ಕೇಳಿ ನಂಗೂ ಅನುಮಾನ ಬಂದಿತ್ತು, ಆದ್ರ ಹಸಿರು ಅದ ಅಂತ ಸುಮ್ಮನಿದ್ದೆ. ಕೆಂಪು ಇಲ್ಲದ ಈ ಬ್ರೇಕರ್ ತೆರಿಲಿಕ್ಕ ಬರಂಗಿಲ್ಲ, ಬೀಗ ನಿಮ್ಮ ಕಡಿಂದನೇ ಬಿಚ್ಚಬೇಕು. ಲಗೂನ ಕಳಸು.”

“ಕಳಸ್ಲತ್ತೀವಿ ರೀ. ಜನ ಎದ್ರೇನು?”

“ಯಾರೂ ಏಳವಲ್ರು. ದೇವಿ ಬಂದಾಳ, ಎದ್ರ ಸಿಟ್ಟಾಗ್ತಾಳ ಅಂತ ಚಂದಮ್ಮಾಯಿ ಹಟ ಹಿಡದಾಳ. ನಾ ಬೈದೆ. ಕೈ ಹಿಡದು ಎಳದೆ. ಕೇಳವಲ್ರು.”

ಆಗ ದೂರದಿಂದ, ಹಲಗೆಯ ಸದ್ದನ್ನೂ ಮೀರಿ, ವೇಣಿಯ ಕೀರಲು ದನಿ ಕೇಳಿತು.

“ಗೇಟ್ ಕಡಿ ಪ್ರಸಾದ ಕೊಡ್ಲತ್ತಾರ! ಹುಗ್ಗಿ! ಮುಗೀಲಾಕ ಬಂತು, ಲಗೂನ ಬರ್ರಿ!”

ಹಲಗೆ ನಿಂತಿತು. ಪದ ನಿಂತಿತು. ಬಳೆಗಳ ಸದ್ದು, ನೂರಾರು ಕಾಲುಗಳ ದಡದಡ. “ಏ, ನೂಕಬ್ಯಾಡ್ರಿ” ಎಂದು ಯಾರೋ ಬೈದರು. “ನಂದೊಂದು ತಾಟು ಹಿಡ್ಕೋ” ಎಂದಳು ಒಬ್ಬಳು. ದೇವಿಗೆ ಏಳದವರು ಹುಗ್ಗಿಗೆ ಎದ್ದಿದ್ದರು.

ಹಿರೇಮಠರ ಹೆಬ್ಬೆರಳು ಕೆಂಪಗಾಗುವವರೆಗೂ ತಿಕ್ಕಿ ಮತ್ತೆ ಒತ್ತಿಸಿದಳು. ಯಂತ್ರ ಒಪ್ಪಿತು. ಕೆಂಪು ಹೋಯಿತು.

ಬ್ರೇಕರುಗಳು ಒಂದಾದ ಮೇಲೊಂದು ತೆರೆದ ಸದ್ದು ಫೋನಿನಲ್ಲಿ ಬಂತು. ಅದರ ಬೆನ್ನಿಗೇ ಒಂದು ಸ್ಫೋಟ. ಆಮೇಲೆ ಏನೂ ಇಲ್ಲ.

ಮಹಾನಂದಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ನಿಂತಳು. ಹಿರೇಮಠರು ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ಕೋಣೆಯ ದೀಪ ಹೋಗಿತ್ತು. ಬ್ಯಾಟರಿಯ ಮೇಲೆ ಪರದೆ ಮಾತ್ರ ಬೆಳಗುತ್ತಿತ್ತು. ಗೆರೆ ಈಗ ನೇರ ಮೇಲಕ್ಕೆ ಏರಿ ಪರದೆ ದಾಟಿಹೋಗಿತ್ತು. ಮೂಲೆಯಲ್ಲಿ ಪಂಚಾಂಗ ಇನ್ನೂ ‘ಪೂಜೆ’ ಎನ್ನುತ್ತಿತ್ತು.

“ಅದೀಯೇನು?” ಅಣವೀರನ ದನಿ.

“ವೇಣಿ?”

“ಗೇಟಿನ ಕಡಿ ನಿಂತಾಳ. ಎಲ್ಲಾರೂ ಅಲ್ಲೇ ಅದಾರ. ಮೂರು ಟ್ರಾನ್ಸ್‌ಫಾರ್ಮರಿನಾಗ ಒಂದು ಹೋತು. ಅದೇ, ಹಾಡಿದ್ದು. ಎಣ್ಣಿ ಸಿಡದು, ಅವ್ರು ಕುಂತ ಜಮಖಾನಿ ಹತ್ತಿ ಉರಿಲತ್ತದ. ಅಷ್ಟೂ ಮಂದಿ ಸಾಲ ಹಚ್ಚಿ ನಿಂತಾರ. ಪ್ರಸಾದ ಎಲ್ಲಿ ಅಂತ ಕೇಳ್ಲತ್ತಾರ.”

ದಕ್ಷಿಣದ ಬೇರೆಡೆಗಳಲ್ಲಿ ಕಿಟಕಿಯಿಂದ ಆರತಿ ನೋಡಿದವರು ಯಾರೂ ಇರಲಿಲ್ಲ. ಅಲ್ಲಿ ಎಷ್ಟು ಟ್ರಾನ್ಸ್‌ಫಾರ್ಮರುಗಳು ಹೋದವು, ಎಷ್ಟು ಜನ ಹೋದರು ಎಂಬುದು ಪತ್ರಿಕೆಗಳಲ್ಲಿ ವಾರಗಟ್ಟಲೆ ಬಂತು. ವಿಚಾರಣೆ ಆಯಿತು. ಸಮಿತಿ ಹಾಸಗಲ್ಲಕ್ಕೂ ಬಂದು, ಕೆಂಪು ಹೊರಡುವ ಮೊದಲೇ ಮನೆಯವರನ್ನು ಎಚ್ಚರಿಸಿದ್ದೇಕೆ ಎಂದು ಮಹಾನಂದಾಳನ್ನು ಕೇಳಿತು. ಮನೆಯವರನ್ನಷ್ಟೇ ಅಲ್ಲ, ಎಲ್ಲರನ್ನೂ ಎಚ್ಚರಿಸಿದೆ ಎಂದಳು. ಅದು ಇನ್ನೂ ದೊಡ್ಡ ಅಪರಾಧವೆಂದು ಸಮಿತಿಯ ಒಬ್ಬ ಸದಸ್ಯರು ಗುರುತು ಹಾಕಿಕೊಂಡರು. ಕೊನೆಗೆ ಛೀಮಾರಿ ಹಾಕಿ ಬಿಟ್ಟರು. ಪಂಚಾಂಗಕ್ಕೆ ಕಲಿತದ್ದನ್ನು ಮರೆಸಲು ಎರಡು ವರ್ಷ ಬೇಕಾಯಿತು, ಕಲಿಸಲು ಮಾತ್ರ ಯಾರೂ ಕಷ್ಟಪಟ್ಟಿರಲಿಲ್ಲ. ಖಂಡೆಪೂಜೆ ಮಾತ್ರ ಕಟ್ಟೆಯ ಮೇಲೆಯೇ ನಡೆದಿದೆ. ಆ ಹೊತ್ತಿಗೆ ಒಬ್ಬರು ಕಿಟಕಿಯ ಬಳಿ ಕೂರಬೇಕೆಂಬ ಸುತ್ತೋಲೆ ಬಂದಿದೆ, ಅಷ್ಟೇ.

ಅದೆಲ್ಲ ಆಮೇಲಿನ ಮಾತು. ದಶಮಿಯ ಬೆಳಿಗ್ಗೆ ಮಹಾನಂದಾಳ ಮನೆಯಲ್ಲಿ ಹಬ್ಬದ ಕಳೆ ಇರಲಿಲ್ಲ. ಅಣವೀರ ಸ್ಟೇಷನ್ನಿನಿಂದ ಬಂದು ಮಸಿ ಮುಖದಲ್ಲೇ ಮಲಗಿದ್ದ. ವೇಣಿ ಮೂಲೆ ಹಿಡಿದಿದ್ದಳು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆ ಎಂಬ ಭಯ ಅವಳನ್ನು ರೊಟ್ಟಿ ಮುಟ್ಟಗೊಟ್ಟಿರಲಿಲ್ಲ. ಆಗ ಚಂದಮ್ಮಾಯಿ ಬಂದಳು. ಕೈಯಲ್ಲಿ ಬನ್ನಿ ಇರಲಿಲ್ಲ, ಖಾಲಿ ತಾಟಿತ್ತು.

“ನಿಮ್ಮ ಹುಡುಗಿ ನಿನ್ನಿ ಪ್ರಸಾದ ಅಂತ ಕರದಾಳ. ಎಲ್ಲಿ ಅದ?”

“ಆಯೀ, ಅದು ಸುಳ್ಳು,” ಎಂದಳು ಮಹಾನಂದಾ. “ನಿಮ್ಮನ್ನ ಅಲ್ಲಿಂದ ಎಬ್ಬಸ್ಲಾಕ ಹಂಗ ಅಂದಾಳ. ತಪ್ಪು ತಿಳಕೋಬ್ಯಾಡ್ರಿ.”

“ಗೊತ್ತದ ಬಿಡವ್ವಾ. ಬಿಸಿಲಿಗಿ ಕೂದಲ ಬೆಳ್ಳಗ ಮಾಡ್ಕೊಂಡೀನೇನು ನಾನು? ನಾವು ಕುಂತ ಜಾಗಾ ಉರಿಯೋದು ಎರಡೂ ಕಣ್ಣಿಲೆ ನೋಡೀನಿ.” ಮುದುಕಿ ಖಾಲಿ ತಾಟನ್ನು ಮುಂದೆ ಚಾಚಿದಳು. “ಆದ್ರೂ ದೇವ್ರ ಹೆಸರ ಹೇಳಿ ಕರದ ಮ್ಯಾಲ ಹಾಕಬೇಕು. ಇಲ್ಲಾಂದ್ರ ಆ ಮಾತು ಹುಡುಗಿ ಮ್ಯಾಲ ಉಳೀತದ. ಉಳೀಬಾರದು. ಹೊರಗ ನೋಡು, ನಾ ಒಬ್ಬಾಕಿ ಬಂದಿಲ್ಲ.”

ಮಹಾನಂದಾ ಹೊರಗೆ ನೋಡಿದಳು. ಓಣಿಯ ತುಂಬ ಜನ. ಒಬ್ಬರ ಕೈಯಲ್ಲಿ ಗೋಧಿ, ಇನ್ನೊಬ್ಬರ ಕೈಯಲ್ಲಿ ಬೆಲ್ಲದ ಪೆಂಟೆ, ಕಟ್ಟಿಗೆ ಹೊರೆ, ದೊಡ್ಡ ಹಂಡೆ. ಹಲಗೆಯವರೂ ಬಂದಿದ್ದರು.

ಅಂಗಳದಲ್ಲೇ ಒಲೆ ಹೂಡಿದರು. ಬೇಯಲು ಬಹಳ ಹೊತ್ತಾಯಿತು, ಯಾರಿಗೂ ಅವಸರವಿರಲಿಲ್ಲ. ಬಡಿಸುವ ಸೌಟನ್ನು ಚಂದಮ್ಮಾಯಿ ವೇಣಿಯ ಕೈಗೆ ಕೊಟ್ಟು, ತಾನೇ ಮೊದಲು ತಾಟು ಒಡ್ಡಿದಳು. ಹಿಂದೆ ಸಾಲು ಬೆಳೆಯಿತು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡವರು, ಕೋಲು ಊರಿದವರು, ನಿನ್ನೆ ಟ್ರಾನ್ಸ್‌ಫಾರ್ಮರಿನ ಕಾಲ ಬುಡದಲ್ಲಿ ಪದ ಹಾಡಿದವರು. ವೇಣಿ ಒಬ್ಬೊಬ್ಬರ ಮುಖ ನೋಡಿ ನೋಡಿ ಬಡಿಸಿದಳು. ಮಹಾನಂದಾ ಸಾಲಿನ ತುದಿಯವರೆಗೆ ನಡೆದು ನೋಡಿ ಬಂದಳು. ನಿನ್ನೆ ಅಲ್ಲಿದ್ದವರಲ್ಲಿ ಇಂದು ಬಾರದವರು ಒಬ್ಬರೂ ಇರಲಿಲ್ಲ. ಅವಳಿಗೆ ಅಳು ಬಂತು, ಎಲ್ಲರೆದುರೇ ಅತ್ತಳು.

“ಅಳಬ್ಯಾಡ, ಹುಗ್ಗಿ ಛಲೋ ಆಗ್ಯದ,” ಎಂದಳು ಚಂದಮ್ಮಾಯಿ, ಎರಡನೆಯ ಸಲ ತಾಟು ಒಡ್ಡುತ್ತ. “ಬೆಲ್ಲ ಒಂದಿಷ್ಟು ಕಡಿಮಿ ಬಿದ್ದದ.”